ಹಣೆಬರಹಕ್ಕೆ ಹೊಣೆ ಯಾರು? ಒಂದು ಯುದ್ಧ ಕಾದಂಬರಿ ಎತ್ತುವ ಪ್ರಶ್ನೆ

1968ನೆಯ ಇಸವಿ, ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಆಸ್ಪತ್ರೆ. ಒಂದೇ ಕೋಣೆಯಲ್ಲಿ ಇಬ್ಬರು ಮಲಗಿದ್ದಾರೆ. ಒಬ್ಬ ರಮ್‌ಫೋರ್ಡ್, ಎಪ್ಪತ್ತು ವರ್ಷದ ಪ್ರಾಧ್ಯಾಪಕ, ವಾಯುಪಡೆಯ ಅಧಿಕೃತ ಇತಿಹಾಸಕಾರ. ಹಿಮದ ಮೇಲೆ ಜಾರುವ ಆಟದಲ್ಲಿ ಕಾಲು ಮುರಿದುಕೊಂಡಿದ್ದಾನೆ. ಇನ್ನೊಬ್ಬ ಬಿಲ್ಲಿ ಪಿಲ್ಗ್ರಿಮ್, ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ವೃತ್ತಿಯವನು. ವಿಮಾನ ಅಪಘಾತದಲ್ಲಿ ತಲೆಗೆ ಭಾರಿ ಪೆಟ್ಟಾಗಿದೆ. ಇತಿಹಾಸಕಾರ ಎರಡನೆಯ ಮಹಾಯುದ್ಧದ ವಾಯುದಾಳಿಗಳ ಚರಿತ್ರೆ ಬರೆಯುತ್ತಿದ್ದಾನೆ. ಜರ್ಮನಿಯ ಡ್ರೆಸ್ಡನ್ ನಗರವನ್ನು ಸುಟ್ಟ ಸಂಗತಿಯನ್ನು ಹೇಗೆ ಬರೆಯುವುದೆಂಬುದು ಅವನ ತಲೆನೋವು. ಆ ನಗರ ಸುಟ್ಟ ರಾತ್ರಿ ತಾನು ಅಲ್ಲಿಯೇ ಇದ್ದೆ ಎಂದು ಬಿಲ್ಲಿ ಹೇಳುತ್ತಾನೆ. ಮೊದಮೊದಲು ಇತಿಹಾಸಕಾರ ನಂಬುವುದಿಲ್ಲ. ನಂಬಿದ ಮೇಲೆ ಅವನು ಹೇಳುವ ಮಾತು ಒಂದೇ: ಅದನ್ನು ಮಾಡಲೇಬೇಕಾಗಿತ್ತು. ಗೊತ್ತು, ಎನ್ನುತ್ತಾನೆ ಬಿಲ್ಲಿ. ಯುದ್ಧವೆಂದರೆ ಹಾಗೆಯೇ, ಎನ್ನುತ್ತಾನೆ ಇತಿಹಾಸಕಾರ. ಗೊತ್ತು, ನಾನು ದೂರುತ್ತಿಲ್ಲ. ಬಾಂಬು ಹಾಕಬೇಕಾಗಿ ಬಂದವರ ಮೇಲೂ ಮರುಕವಿರಲಿ, ಎನ್ನುತ್ತಾನೆ ಇತಿಹಾಸಕಾರ. ಇದೆ. ಎಲ್ಲವೂ ಸರಿಯಾಗಿಯೇ ಇದೆ, ಪ್ರತಿಯೊಬ್ಬರೂ ತಾವು ಏನು ಮಾಡುತ್ತಾರೋ ಅದನ್ನೇ ಮಾಡಬೇಕಾಗುತ್ತದೆ, ಇದನ್ನು ನಾನು ಟ್ರಾಲ್ಫಮಡೋರ್ ಗ್ರಹದಲ್ಲಿ ಕಲಿತೆ ಎಂದು ಬಿಲ್ಲಿ ಮಾತು ಮುಗಿಸುತ್ತಾನೆ.

ಊರನ್ನು ಸುಟ್ಟವರ ಪರವಾಗಿ ಮಾತನಾಡುವವನೂ ಸುಡುವ ಊರಿನಲ್ಲಿ ಸಿಕ್ಕಿಬಿದ್ದವನೂ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ. ಈ ಒಪ್ಪಂದ ನನ್ನನ್ನು ಬಹಳ ಕಾಡಿದೆ. ಅಮೆರಿಕದ ಲೇಖಕ ಕರ್ಟ್ ವೊನೆಗಟ್ 1969ರಲ್ಲಿ ಪ್ರಕಟಿಸಿದ 'ಸ್ಲಾಟರ್‌ಹೌಸ್-ಫೈವ್' ಕಾದಂಬರಿಯನ್ನು ಅರ್ಥಮಾಡಿಕೊಳ್ಳುವ ಕೀಲಿಕೈ ಇಲ್ಲಿಯೇ ಇದೆ ಎಂಬುದು ನನ್ನ ನಂಬಿಕೆ. ಶಿವಮೊಗ್ಗದಲ್ಲಿ ಪದವಿ ವಿದ್ಯಾರ್ಥಿಗಳೊಂದಿಗೆ ಈ ಪುಸ್ತಕವನ್ನು ಓದುವಾಗ ಹೆಚ್ಚಿನವರು ಮೊದಲ ಓದಿಗೆ ಒಂದೇ ಮಾತು ಹೇಳುತ್ತಾರೆ: "ಎಲ್ಲಾ ಮೊದಲೇ ಬರೆದಿಟ್ಟಿದೆ, ನಾವು ಏನು ಮಾಡಿದರೂ ಅಷ್ಟೇ, ಇದೇ ಅಲ್ಲವೇ ಸರ್ ಈ ಕಾದಂಬರಿ ಹೇಳುವುದು?" ಅಲ್ಲ ಎಂದು ನನಗನಿಸುತ್ತದೆ. ಯಾಕೆ ಅಲ್ಲ ಎಂದು ವಿವರಿಸಬೇಕಾದರೆ ಕಾದಂಬರಿ, ತತ್ತ್ವಶಾಸ್ತ್ರ, ಸ್ವಲ್ಪ ಭೌತಶಾಸ್ತ್ರ, ಜೊತೆಗೆ ನಮ್ಮ ಮಲೆನಾಡಿನ ಚರಿತ್ರೆಯನ್ನೂ ಮುಟ್ಟಬೇಕಾಗುತ್ತದೆ.

ಕಥೆ ಗೊತ್ತಿಲ್ಲದವರಿಗೆ ಅದರ ಎಲುಬುಗೂಡನ್ನಾದರೂ ಹೇಳಬೇಕು. ಬಿಲ್ಲಿ ಹುಟ್ಟಿದ್ದು 1922ರಲ್ಲಿ. 1944ರ ಚಳಿಗಾಲದಲ್ಲಿ ಯುರೋಪಿನ ಯುದ್ಧಭೂಮಿಗೆ ಹೋಗುತ್ತಾನೆ, ಸರಿಯಾದ ಬೂಟು, ಕೋಟುಗಳೂ ಇಲ್ಲದೆ ಜರ್ಮನರ ಕೈಗೆ ಸಿಕ್ಕಿಬೀಳುತ್ತಾನೆ. ಅಲ್ಲಿಂದ ಅವನ ಬಾಳಿನಲ್ಲಿ ಕಾಲ ಹಳಿ ತಪ್ಪುತ್ತದೆ. ಒಂದು ಬಾಗಿಲಿನಿಂದ 1955ಕ್ಕೆ ಹೋಗಿ ಇನ್ನೊಂದರಿಂದ 1941ಕ್ಕೆ ಬರುತ್ತಾನೆ. ಹುಟ್ಟು, ಮದುವೆ, ಸೆರೆ, ಸಾವು ಎಲ್ಲವನ್ನೂ ಹಿಂದುಮುಂದಾಗಿ ಮತ್ತೆ ಮತ್ತೆ ಕಾಣುತ್ತಾನೆ. 1967ರಲ್ಲಿ ಟ್ರಾಲ್ಫಮಡೋರ್ ಎಂಬ ದೂರದ ಗ್ರಹದ ಜೀವಿಗಳು ಅವನನ್ನು ಹೊತ್ತೊಯ್ದು ಮೃಗಾಲಯದಲ್ಲಿ ಇಡುತ್ತವೆ. ಅವುಗಳಿಗೆ ನಾಲ್ಕು ಆಯಾಮಗಳು ಕಾಣುತ್ತವೆ. ನಮಗೆ ಒಂದು ಬೆಟ್ಟದ ಸಾಲು ಒಟ್ಟಿಗೆ ಕಾಣುವ ಹಾಗೆ ಅವುಗಳಿಗೆ ಒಂದು ಜೀವದ ಎಲ್ಲ ಕ್ಷಣಗಳೂ ಒಟ್ಟಿಗೆ ಕಾಣುತ್ತವೆ. ಅವುಗಳ ಪ್ರಕಾರ ಸತ್ತವನು ಆ ಒಂದು ಕ್ಷಣದಲ್ಲಿ ಮಾತ್ರ ಸತ್ತಿದ್ದಾನೆ, ಉಳಿದ ಕ್ಷಣಗಳಲ್ಲಿ ಬದುಕಿಯೇ ಇದ್ದಾನೆ. ಮೂವತ್ತೊಂದು ಗ್ರಹಗಳನ್ನು ನೋಡಿದ್ದೇನೆ, ಇಚ್ಛಾಸ್ವಾತಂತ್ರ್ಯದ ಮಾತು ಕೇಳಿದ್ದು ಭೂಮಿಯಲ್ಲಿ ಮಾತ್ರ ಎಂದು ಅವುಗಳಲ್ಲೊಂದು ಬಿಲ್ಲಿಗೆ ಹೇಳುತ್ತದೆ. ತಾನು 1976ರ ಫೆಬ್ರುವರಿ 13ರಂದು ಲೇಸರ್ ಬಂದೂಕಿನ ಏಟಿಗೆ ಸಾಯುತ್ತೇನೆಂದು ಬಿಲ್ಲಿಗೆ ಗೊತ್ತಿದೆ. ತಪ್ಪಿಸಿಕೊಳ್ಳಲು ಅವನು ಬೆರಳನ್ನೂ ಎತ್ತುವುದಿಲ್ಲ.

ವೊನೆಗಟ್ ಇದನ್ನು ಕಲ್ಪನೆಯಿಂದಲೇ ಹೆಣೆಯಲಿಲ್ಲ. 1944ರ ಡಿಸೆಂಬರಿನಲ್ಲಿ ಅವರು ಸ್ವತಃ ಸೆರೆಯಾದರು. ಡ್ರೆಸ್ಡನ್‌ನ ಒಂದು ಕಸಾಯಿಖಾನೆಯಲ್ಲಿ ಅವರನ್ನು ಇರಿಸಿದ್ದರು. ಬಾಂಬಿನ ಮಳೆ ಸುರಿದಾಗ ಮಾಂಸ ಇಡುವ ನೆಲಮಾಳಿಗೆಯಲ್ಲಿದ್ದದ್ದರಿಂದ ಬದುಕಿಕೊಂಡರು. ಆಮೇಲೆ ಹೆಣಗಳನ್ನು ಹೊರತೆಗೆಯುವ ಕೆಲಸಕ್ಕೆ ಅವರನ್ನು ಹಚ್ಚಲಾಯಿತು. ಕಂಡದ್ದನ್ನು ಬರೆಯಲು ಅವರಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಅಷ್ಟು ವರ್ಷ ಕಾದು ಒಬ್ಬ ಲೇಖಕ 'ಎಲ್ಲ ವಿಧಿಲಿಖಿತ' ಎಂದಷ್ಟೇ ಹೇಳಲು ಪುಸ್ತಕ ಬರೆಯುತ್ತಾನೆಯೇ?

ಇನ್ನು ವಿಚಾರದ ಕಡೆಗೆ. ನಾವು ವಿಧಿ, ನಿಯತಿ, ಹಣೆಬರಹ ಎಂದು ಆಡುವಾಗ ಒಂದಲ್ಲ, ಕನಿಷ್ಠ ಎರಡು ಬೇರೆ ವಿಚಾರಗಳನ್ನು ಕಲಸಿಬಿಡುತ್ತೇವೆ. ಮೊದಲನೆಯದು ಕಾರ್ಯಕಾರಣದ ನಂಬಿಕೆ. ಇಂದು ನಡೆಯುವುದಕ್ಕೆ ನಿನ್ನೆಯ ಕಾರಣಗಳಿವೆ, ನಿನ್ನೆಯದಕ್ಕೆ ಮೊನ್ನೆಯವು. ನಾನು ಮಾಡುವ ಆಯ್ಕೆಯೂ ಆ ಸರಪಳಿಯ ಒಂದು ಕೊಂಡಿ. ಎರಡನೆಯದು ವಿಧಿವಾದ. ನಾನು ಏನು ಮಾಡಿದರೂ ಬಿಟ್ಟರೂ ಆಗುವುದು ಆಗಿಯೇ ತೀರುತ್ತದೆ ಎನ್ನುವುದು ಅದರ ಹಟ. ಮೊದಲನೆಯದರಲ್ಲಿ ನನ್ನ ಕೆಲಸಕ್ಕೆ ಬೆಲೆಯಿದೆ, ಏಕೆಂದರೆ ಅದು ಫಲದ ಕಾರಣಗಳಲ್ಲೊಂದು. ಎರಡನೆಯದರಲ್ಲಿ ಇಲ್ಲ.

ಅಡಿಕೆ ತೋಟ ಇದ್ದವರಿಗೆ ಈ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ. ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ ಎಂಬ ಭಯಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಒಬ್ಬ ವಿಧಿವಾದಿ ಬಂದು ಹೀಗೆ ಹೇಳಲಿ: ಈ ವರ್ಷ ಕೊಳೆ ಬರುವುದೆಂದು ಬರೆದಿದ್ದರೆ ಔಷಧಿ ಹೊಡೆದರೂ ಬರುತ್ತದೆ, ಬಾರದೆಂದು ಬರೆದಿದ್ದರೆ ಹೊಡೆಯದಿದ್ದರೂ ಬಾರದು, ಹಾಗಿದ್ದ ಮೇಲೆ ದುಡ್ಡು ಯಾಕೆ ಕಳೆಯುತ್ತೀರಿ? ವಾದ ಕೇಳಲು ಬಿಗಿಯಾಗಿದೆ. ಗ್ರೀಕರು ಇಂಥದ್ದನ್ನು ಸೋಮಾರಿಯ ವಾದ ಎಂದೇ ಕರೆದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಕ್ರಿಸಿಪ್ಪಸ್ ಎಂಬ ತತ್ತ್ವಜ್ಞಾನಿ ಇದಕ್ಕೆ ಕೊಟ್ಟ ಉತ್ತರ ಇಂದಿಗೂ ಸವೆದಿಲ್ಲ. ಫಲ ನಿಶ್ಚಿತವಾಗಿದ್ದರೆ ಆ ಫಲಕ್ಕೆ ಬೇಕಾದ ಕೆಲಸವೂ ಅದರೊಂದಿಗೇ ನಿಶ್ಚಿತವಾಗಿದೆ; ಕೆಲಸವನ್ನು ಕಿತ್ತುಹಾಕಿ ಫಲವನ್ನು ಮಾತ್ರ ಉಳಿಸಿಕೊಳ್ಳಲು ಬರುವುದಿಲ್ಲ ಎಂಬುದು ಅದರ ಸಾರ. ತೋಟ ಉಳಿಯುವುದು ನಿಶ್ಚಿತವಾಗಿದ್ದರೆ ಅದು ಔಷಧಿ ಹೊಡೆಸಿದ ತೋಟವಾಗಿ ಉಳಿಯುವುದು ನಿಶ್ಚಿತ. ಕೊನೆ ಗೊನೆಯವರೆಗೂ ದೋಟಿ ಮುಟ್ಟಿಸಬೇಕಾದದ್ದು ಆಗಲೂ ನಾವೇ.

ನಮ್ಮಲ್ಲಿಯೂ ಈ ಜಗಳ ಹೊಸದಲ್ಲ. ಬುದ್ಧ, ಮಹಾವೀರರ ಕಾಲದಲ್ಲಿಯೇ ಮಕ್ಖಲಿ ಗೋಸಾಲನೆಂಬ ಆಜೀವಕ ಪಂಥದ ಗುರು ಇದ್ದ. ಪುರುಷ ಪ್ರಯತ್ನವೆಂಬುದೇ ಇಲ್ಲ, ಎಸೆದ ನೂಲಿನ ಉಂಡೆ ತನ್ನ ನೂಲು ಮುಗಿಯುವ ತನಕ ಬಿಚ್ಚಿಕೊಳ್ಳುತ್ತಾ ಹೋಗುವಂತೆ ಜೀವ ತನ್ನ ಪಾಡನ್ನು ಮುಗಿಸುತ್ತದೆ ಎಂದು ಅವನು ಬೋಧಿಸಿದನೆಂದು ಬೌದ್ಧ ಗ್ರಂಥಗಳು ಹೇಳುತ್ತವೆ. ಬುದ್ಧ ಇದನ್ನು ಕಟುವಾಗಿ ವಿರೋಧಿಸಿದ. ಇತ್ತ ಯೋಗವಾಸಿಷ್ಠದಲ್ಲಿ ವಸಿಷ್ಠರು ರಾಮನಿಗೆ ಹೇಳುವುದೂ ಇದರ ತದ್ವಿರುದ್ಧ. ಹಿಂದಿನ ಪ್ರಯತ್ನ ಮತ್ತು ಇಂದಿನ ಪ್ರಯತ್ನ ಎರಡು ಟಗರುಗಳ ಹಾಗೆ ಕಾದಾಡುತ್ತವೆ, ಬಲವಿದ್ದದ್ದು ಗೆಲ್ಲುತ್ತದೆ, ದೈವವೆಂದು ಬೇರೆ ಏನೂ ಇಲ್ಲ. ಭಾರತೀಯರೆಲ್ಲ ಹುಟ್ಟಾ ವಿಧಿವಾದಿಗಳು ಎಂದು ಹೊರಗಿನವರು ಹೇಳುವಾಗ, ಎಷ್ಟೋ ಸಲ ನಾವೇ ಹೇಳಿಕೊಳ್ಳುವಾಗ, ಈ ವಾಗ್ವಾದದ ಅರ್ಧವನ್ನೇ ಕೇಳಿಸಿಕೊಂಡಿರುತ್ತೇವೆ.

ವೊನೆಗಟ್ ಅವರ ಅನ್ಯಗ್ರಹ ಜೀವಿಗಳಿಗೆ ಭೌತಶಾಸ್ತ್ರದ ಬೆಂಬಲವೂ ಸ್ವಲ್ಪ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. 1905ರಲ್ಲಿ ಐನ್‌ಸ್ಟೈನ್ ಸಾಪೇಕ್ಷ ಸಿದ್ಧಾಂತವನ್ನು ಮುಂದಿಟ್ಟರು. ಒಬ್ಬ ವೀಕ್ಷಕನಿಗೆ ಏಕಕಾಲದಲ್ಲಿ ನಡೆದಂತೆ ಕಾಣುವ ಎರಡು ಘಟನೆಗಳು, ಅವನಿಗಿಂತ ಬೇರೆ ವೇಗದಲ್ಲಿ ಚಲಿಸುವ ಇನ್ನೊಬ್ಬನಿಗೆ ಒಂದರ ನಂತರ ಒಂದು ನಡೆದಂತೆ ಕಾಣಬಹುದು. ಹಾಗಾದರೆ ಇಡೀ ವಿಶ್ವಕ್ಕೆ ಸಲ್ಲುವ ಒಂದು 'ಈಗ' ಎಂಬುದು ಇಲ್ಲವಾಯಿತು. 1908ರಲ್ಲಿ ಅವರ ಗುರುಗಳಾಗಿದ್ದ ಮಿಂಕೋವ್‌ಸ್ಕಿ ದೇಶ ಕಾಲಗಳನ್ನು ಹೊಲಿದು ನಾಲ್ಕು ಆಯಾಮಗಳ ಒಂದೇ ಹಾಸನ್ನಾಗಿ ಚಿತ್ರಿಸಿದರು. ಇದರಿಂದ ಕೆಲವರು ಭೂತ, ವರ್ತಮಾನ, ಭವಿಷ್ಯ ಮೂರೂ ಸಮಾನವಾಗಿ ಅಸ್ತಿತ್ವದಲ್ಲಿವೆ ಎಂಬ ಅರ್ಥ ತೆಗೆದರು. ಎಲ್ಲರೂ ಒಪ್ಪಿದ ಮಾತಲ್ಲ ಇದು. ಚರ್ಚೆ ಇನ್ನೂ ನಡೆದಿದೆ. 1955ರಲ್ಲಿ ಜೀವದ ಗೆಳೆಯ ಬೆಸ್ಸೊ ತೀರಿಕೊಂಡಾಗ ಐನ್‌ಸ್ಟೈನ್ ಬೆಸ್ಸೊ ಅವರ ಮನೆಯವರಿಗೆ ಒಂದು ಪತ್ರ ಬರೆದರು. ಭೌತವಿಜ್ಞಾನವನ್ನು ನಂಬುವ ನಮಗೆ ಭೂತ, ವರ್ತಮಾನ, ಭವಿಷ್ಯಗಳ ಭೇದ ಒಂದು ಹಟಮಾರಿ ಭ್ರಮೆ ಮಾತ್ರ ಎಂಬ ಅರ್ಥದ ಮಾತು ಅದರಲ್ಲಿದೆ. ಅದೊಂದು ಸಂತಾಪದ ಪತ್ರ ಎಂಬುದನ್ನು ಮರೆಯಬಾರದು. ನೊಂದವರ ಕೈಗೆ ಕೊಟ್ಟ ಸಮಾಧಾನ ಅದು.

ಆದರೆ ಭವಿಷ್ಯ ಆಗಲೇ 'ಅಲ್ಲಿದೆ' ಎಂದು ಒಪ್ಪಿಕೊಂಡರೂ ನಾವು ಮಾಡುವುದಕ್ಕೆ ಬೆಲೆಯಿಲ್ಲ ಎಂದಾಗುವುದಿಲ್ಲ. ಟ್ರಾಲ್ಫಮಡೋರಿನವರು ಎಡವುವುದು ಇಲ್ಲಿ. ವಿಶ್ವ ಹೇಗೆ ಕೊನೆಯಾಗುತ್ತದೆ ಎಂದು ಬಿಲ್ಲಿ ಕೇಳಿದಾಗ ಅವರು ನಿರಾಳವಾಗಿ ಉತ್ತರಿಸುತ್ತಾರೆ: ನಾವೇ ಕೊನೆಗಾಣಿಸುತ್ತೇವೆ, ಹೊಸ ಇಂಧನವೊಂದನ್ನು ಪರೀಕ್ಷಿಸುವಾಗ ನಮ್ಮ ಪೈಲಟ್ ಒಂದು ಗುಂಡಿ ಒತ್ತುತ್ತಾನೆ, ಇಡೀ ವಿಶ್ವ ಇಲ್ಲವಾಗುತ್ತದೆ. ಗೊತ್ತಿದ್ದ ಮೇಲೆ ಅವನನ್ನು ತಡೆಯಲಾಗದೇ ಎಂದು ಬಿಲ್ಲಿ ಕೇಳುತ್ತಾನೆ. ಅವನು ಯಾವಾಗಲೂ ಒತ್ತಿದ್ದಾನೆ, ಯಾವಾಗಲೂ ಒತ್ತುತ್ತಾನೆ. ನಾವು ಯಾವಾಗಲೂ ಅವನನ್ನು ಬಿಟ್ಟಿದ್ದೇವೆ, ಬಿಡುತ್ತೇವೆ. ಆ ಕ್ಷಣದ ರಚನೆಯೇ ಹಾಗಿದೆ ಎಂಬುದು ಉತ್ತರ.

ಈ ಉತ್ತರವನ್ನು ನಿಧಾನವಾಗಿ ಓದಬೇಕು. ಪೈಲಟ್ ಗುಂಡಿ ಒತ್ತುವುದು ಆ ಕ್ಷಣದ ಒಂದು ಭಾಗ. ಉಳಿದವರು ಸುಮ್ಮನೆ ನಿಂತು ಬಿಡುವುದು ಇನ್ನೊಂದು ಭಾಗ. ಆ ಕ್ಷಣ ಹಾಗೆ ರಚನೆಯಾದದ್ದೇ ಅವರು ಬಿಟ್ಟಿದ್ದರಿಂದ. ಯಾವುದನ್ನು ತಾವೇ ಕಟ್ಟಿದ್ದಾರೋ ಅದನ್ನೇ ತೋರಿಸಿ ನಮ್ಮ ಕೈಯಲ್ಲಿ ಇಲ್ಲ ಎನ್ನುತ್ತಿದ್ದಾರೆ. ಮುಂದೆ ಇನ್ನೂ ಒಂದು ಎಡವಟ್ಟಿದೆ. ನಮ್ಮ ಗ್ರಹದಲ್ಲಿಯೂ ಘೋರ ಯುದ್ಧಗಳಾಗಿವೆ, ನಾವು ಅವುಗಳನ್ನು ನೋಡುವುದಿಲ್ಲ, ಕೆಟ್ಟ ಗಳಿಗೆಗಳನ್ನು ಬಿಟ್ಟು ಒಳ್ಳೆಯವುಗಳ ಮೇಲೆ ಗಮನವಿಡುವುದನ್ನು ನೀವೂ ಕಲಿಯಬಹುದು ಎಂದು ಅವರು ಬಿಲ್ಲಿಗೆ ಬುದ್ಧಿ ಹೇಳುತ್ತಾರೆ. ಯಾರಿಗೂ ಆಯ್ಕೆಯಿಲ್ಲದ ವಿಶ್ವದಲ್ಲಿ ಎತ್ತ ನೋಡಬೇಕೆಂಬ ಆಯ್ಕೆ ಎಲ್ಲಿಂದ ಬಂತು? ಕಲಿಯಬಹುದು ಎಂಬ ಉಪದೇಶಕ್ಕೆ ಅರ್ಥವೇನು? ಇದು ಲೇಖಕರ ಕೈತಪ್ಪಿನಿಂದ ಆದದ್ದೆಂದು ನನಗೆ ಅನಿಸುವುದಿಲ್ಲ. ಆ ತತ್ತ್ವದ ಗೋಡೆಯಲ್ಲಿ ಬಿರುಕು ನಮಗೆ ಕಾಣಲಿ ಎಂದೇ ವೊನೆಗಟ್ ಅದನ್ನು ಅಲ್ಲಿ ಬಿಟ್ಟಿದ್ದಾರೆ.

ಹಾಗಾದರೆ ಬಿಲ್ಲಿ ಈ ತತ್ತ್ವಕ್ಕೆ ಯಾಕೆ ಜೋತುಬಿದ್ದ? ಕಾದಂಬರಿ ಸುಳಿವುಗಳನ್ನು ಕೊಟ್ಟಿದೆ. 1948ರಲ್ಲಿ, ಯುದ್ಧ ಮುಗಿದ ಮೇಲೆ, ಬಿಲ್ಲಿ ಮನಸ್ಸು ಕೆಟ್ಟು ಮಾಜಿ ಸೈನಿಕರ ಆಸ್ಪತ್ರೆ ಸೇರಿದ್ದ. ಪಕ್ಕದ ಹಾಸಿಗೆಯ ರೋಸ್‌ವಾಟರ್ ಎಂಬಾತ ಅವನಿಗೆ ವೈಜ್ಞಾನಿಕ ಕಥೆಗಳ ರುಚಿ ಹತ್ತಿಸಿದ. ಯುದ್ಧ ಕಂಡ ಇಬ್ಬರಿಗೂ ಬದುಕು ಅರ್ಥ ಕಳೆದುಕೊಂಡಿತ್ತು. ತಮ್ಮನ್ನೂ ತಮ್ಮ ವಿಶ್ವವನ್ನೂ ಹೊಸದಾಗಿ ಕಟ್ಟಿಕೊಳ್ಳಲು ಅವರು ಹೆಣಗುತ್ತಿದ್ದರು, ಅದಕ್ಕೆ ಆ ಕಥೆಗಳು ಬಹಳ ನೆರವಾದವು ಎಂದು ನಿರೂಪಕನೇ ಹೇಳುತ್ತಾನೆ. ಬಿಲ್ಲಿ ಅಲ್ಲಿ ಓದಿದ ಒಂದು ಕಥೆಯಲ್ಲಿ ಭೂಮಿಯ ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಅನ್ಯಗ್ರಹದವರು ಹೊತ್ತೊಯ್ದು ಮೃಗಾಲಯದಲ್ಲಿ ಇಡುತ್ತಾರೆ. ಮುಂದೆ ಬಿಲ್ಲಿಗೆ 'ಆದದ್ದು' ಅದೇ. ಟ್ರಾಲ್ಫಮಡೋರ್ ನಿಜವೋ, ನೊಂದ ಮನಸ್ಸು ಹೆಣೆದುಕೊಂಡ ಆಸರೆಯೋ ಎಂದು ಕಾದಂಬರಿ ತೀರ್ಪು ಕೊಡುವುದಿಲ್ಲ. ಆದರೆ ಆ ತತ್ತ್ವ ಏನು ಕೆಲಸ ಮಾಡುತ್ತದೆ ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಅದು ನೋವು ಮರೆಸುವ ಮದ್ದು.

ಮದ್ದು ಕೆಲಸ ಮಾಡದ ಒಂದು ಗಳಿಗೆ ಇದೆ. ನನ್ನ ಪಾಲಿಗೆ ಇಡೀ ಪುಸ್ತಕದಲ್ಲಿ ಅತ್ಯಂತ ಮುಖ್ಯವಾದ ಗಳಿಗೆ ಅದು. ಯುದ್ಧ ಮುಗಿದಿದೆ. ಬಿಲ್ಲಿ ಮತ್ತು ಜೊತೆಗಾರರು ಹಾಳುಬಿದ್ದ ಡ್ರೆಸ್ಡನ್‌ನಲ್ಲಿ ಸಿಕ್ಕಿದ ಒಂದು ಕುದುರೆಗಾಡಿಯನ್ನು ಏರಿ ಕಸಾಯಿಖಾನೆಗೆ ಬಂದಿದ್ದಾರೆ. ಬಿಸಿಲಿದೆ. ಗಾಡಿಯ ಹಿಂಬದಿಯಲ್ಲಿ ಬಿಲ್ಲಿ ಸುಖವಾಗಿ ತೂಕಡಿಸುತ್ತಿದ್ದಾನೆ. ಅತ್ತ ಬಂದ ಜರ್ಮನ್ ದಂಪತಿ, ಇಬ್ಬರೂ ಹೆರಿಗೆ ವೈದ್ಯರು, ಕುದುರೆಗಳಿಗೆ ಮರುಗಿ ಮಾತನಾಡಿಸುತ್ತಿರುತ್ತಾರೆ. ಅವರು ಬಿಲ್ಲಿಯನ್ನು ಕೆಳಗಿಳಿಸಿ ಕುದುರೆಗಳನ್ನು ತೋರಿಸುತ್ತಾರೆ. ಕಡಿವಾಣ ಕೊಯ್ದು ಕುದುರೆಗಳ ಬಾಯಿಯಿಂದ ರಕ್ತ ಸುರಿಯುತ್ತಿದೆ. ಗೊರಸುಗಳು ಒಡೆದಿವೆ, ಇಡುವ ಒಂದೊಂದು ಹೆಜ್ಜೆಯೂ ನೋವು. ಬಾಯಾರಿಕೆಯಿಂದ ಅವು ಹುಚ್ಚಾಗಿವೆ. ಇವರು ಅವುಗಳನ್ನು ಮೋಟಾರಿನ ಹಾಗೆ ಓಡಿಸಿಕೊಂಡು ಬಂದಿದ್ದಾರೆ. ಬಿಲ್ಲಿ ಬಿಕ್ಕಿ ಅಳುತ್ತಾನೆ. ಯುದ್ಧದ ಉದ್ದಕ್ಕೂ ಅವನು ಬೇರೆ ಯಾವುದಕ್ಕೂ ಅತ್ತಿರಲಿಲ್ಲ.

ನಗರವೇ ಬೂದಿಯಾದಾಗ ಬಾರದ ಅಳು ಎರಡು ಕುದುರೆಗಳಿಗಾಗಿ ಯಾಕೆ ಬಂತು? ತರಗತಿಯಲ್ಲಿ ಇದಕ್ಕೆ ಹಲವು ಉತ್ತರಗಳು ಬಂದಿವೆ. ಹೊಸನಗರದ ಕಡೆಯ ಒಬ್ಬ ಹುಡುಗಿ ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ: "ನಗರವನ್ನು ಸುಟ್ಟದ್ದು ಅವನಲ್ಲ ಸರ್. ಕುದುರೆಗಳಿಗೆ ನೋವು ಕೊಟ್ಟದ್ದು ಅವನು." ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಒಂದು ಹನಿ ನೀರು ಕುಡಿಸಬಹುದಿತ್ತು, ಕುಡಿಸಲಿಲ್ಲ. ಬೇರೆ ರೀತಿ ಮಾಡಬಹುದಿತ್ತು ಎಂಬ ಅರಿವು ಇಲ್ಲದ ಕಡೆ ಇಂಥ ಅಳು ಹುಟ್ಟುವುದಿಲ್ಲ. ಅನ್ಯಗ್ರಹದ ತತ್ತ್ವವೆಲ್ಲ ಆ ಒಂದು ಕ್ಷಣದಲ್ಲಿ ಬಿಲ್ಲಿಯ ನೆರವಿಗೆ ಬಾರದೆ ನಿಲ್ಲುತ್ತದೆ.

ಮದ್ದಿನ ಬೆಲೆಯನ್ನೂ ಕಾದಂಬರಿ ತೋರಿಸುತ್ತದೆ. 1967ರಲ್ಲಿ, ವಿಯೆಟ್ನಾಂ ಯುದ್ಧ ನಡೆದಿರುವಾಗ, ಬಿಲ್ಲಿ ಒಂದು ಸಂಘದ ಊಟದ ಕೂಟಕ್ಕೆ ಹೋಗುತ್ತಾನೆ. ಅಲ್ಲಿ ಒಬ್ಬ ಸೇನಾ ಮೇಜರ್ ಉತ್ತರ ವಿಯೆಟ್ನಾಂ ಮೇಲೆ ಇನ್ನಷ್ಟು ಬಾಂಬು ಹಾಕಬೇಕೆಂದು ಭಾಷಣ ಮಾಡುತ್ತಾನೆ. ಬಾಂಬು ಬಿದ್ದ ಮೇಲೆ ಊರು ಹೇಗಿರುತ್ತದೆ ಎಂದು ಕಣ್ಣಾರೆ ಕಂಡು ಬಲ್ಲ ಬಿಲ್ಲಿಗೆ ಆ ಸಭೆಯಲ್ಲಿ ವಿರೋಧಿಸಬೇಕೆಂದು ಅನಿಸುವುದೇ ಇಲ್ಲ. ಅವನ ಕಚೇರಿಯ ಗೋಡೆಯಲ್ಲಿ ಒಂದು ಪ್ರಾರ್ಥನೆ ತೂಗುಹಾಕಿದೆ. ಬದಲಿಸಲಾಗದ್ದನ್ನು ಒಪ್ಪುವ ಶಾಂತಿ, ಬದಲಿಸಬಹುದಾದದ್ದನ್ನು ಬದಲಿಸುವ ಧೈರ್ಯ, ಎರಡರ ವ್ಯತ್ಯಾಸ ತಿಳಿಯುವ ವಿವೇಕ ಕೊಡು ಎಂದು ದೇವರನ್ನು ಕೇಳುವ, ಎಲ್ಲರಿಗೂ ಪರಿಚಿತವಾದ ಪ್ರಾರ್ಥನೆ. ಅದರ ಕೆಳಗೆ ನಿರೂಪಕ ಒಂದೇ ಸಾಲು ಸೇರಿಸುತ್ತಾನೆ: ಬಿಲ್ಲಿ ಬದಲಿಸಲಾಗದ ಸಂಗತಿಗಳೆಂದರೆ ಭೂತ, ವರ್ತಮಾನ ಮತ್ತು ಭವಿಷ್ಯ.

ಈಗ ಆಸ್ಪತ್ರೆಯ ಇತಿಹಾಸಕಾರನ ಮಾತನ್ನು ಪರೀಕ್ಷೆಗೆ ಒಡ್ಡಬಹುದು. ಮಾಡಲೇಬೇಕಾಗಿತ್ತೇ? ನಿಜವಾದ ಡ್ರೆಸ್ಡನ್‌ನಲ್ಲಿ ನಡೆದದ್ದು ಇದು. 1945ರ ಫೆಬ್ರುವರಿ 13ರ ರಾತ್ರಿ ಸುಮಾರು ಹತ್ತೂಕಾಲಕ್ಕೆ ಬ್ರಿಟಿಷ್ ವಿಮಾನಗಳ ಮೊದಲ ಅಲೆ ಬಂತು. ಸುಮಾರು ಮೂರು ಗಂಟೆಯ ನಂತರ, ಊರು ಉರಿಯುತ್ತಿರುವಾಗ, ಅದಕ್ಕಿಂತ ದೊಡ್ಡದಾದ ಎರಡನೆಯ ಅಲೆ. ಮರುದಿನ ಹಗಲು ಅಮೆರಿಕದ ವಿಮಾನಗಳು. ಸ್ಫೋಟಿಸುವ ಬಾಂಬುಗಳ ಜೊತೆಗೆ ಬೆಂಕಿ ಹಚ್ಚುವ ಬಾಂಬುಗಳನ್ನು ಸಾವಿರಾರು ಟನ್ ಲೆಕ್ಕದಲ್ಲಿ ಸುರಿದರು. ಸತ್ತವರು 1,35,000 ಎಂದು ಕಾದಂಬರಿ ಆ ಕಾಲದ ಒಂದು ಪುಸ್ತಕವನ್ನು ನಂಬಿ ಹೇಳುತ್ತದೆ. 2010ರಲ್ಲಿ ವರದಿ ಕೊಟ್ಟ ಇತಿಹಾಸಕಾರರ ಆಯೋಗ ಗರಿಷ್ಠ 25,000 ಎಂದು ನಿರ್ಣಯಿಸಿತು. ಯಾವ ನಗರ, ಯಾವ ಬಗೆಯ ಬಾಂಬು, ಎಷ್ಟು ಹೊತ್ತಿನ ಅಂತರ, ಎಲ್ಲವನ್ನೂ ಮನುಷ್ಯರು ಕೋಣೆಗಳಲ್ಲಿ ಕುಳಿತು ನಿಶ್ಚಯಿಸಿದ್ದರು. 1945ರ ಮಾರ್ಚ್ 28ರಂದು ಸ್ವತಃ ಚರ್ಚಿಲ್, ಬೇರೆ ನೆಪ ಹೇಳುತ್ತಾ ಭಯ ಹೆಚ್ಚಿಸುವುದಕ್ಕಾಗಿಯೇ ನಗರಗಳಿಗೆ ಬಾಂಬು ಹಾಕುವುದನ್ನು ಮರುಪರಿಶೀಲಿಸಬೇಕೆಂದು ತಮ್ಮ ಸೇನಾ ಮುಖ್ಯಸ್ಥರಿಗೆ ಟಿಪ್ಪಣಿ ಬರೆದರು. ಅವರ ಆಕ್ಷೇಪದ ನಂತರ ಆ ಮಾತನ್ನು ಮೆದುಗೊಳಿಸಿದರು. ಮರುಪರಿಶೀಲಿಸಬಹುದಾದದ್ದು ವಿಧಿಯಲ್ಲ. ಯುದ್ಧವನ್ನು ಬೇಗ ಮುಗಿಸಲು ದಾಳಿ ಬೇಕಿತ್ತು ಎಂದು ವಾದಿಸುವವರಿದ್ದಾರೆ, ವಾದಿಸಲಿ. ಅದು ಕಾರಣ ಕೊಟ್ಟು ಮಾಡುವ ವಾದ, ಅದಕ್ಕೆ ಪ್ರತಿವಾದವಿದೆ. 'ಮಾಡಲೇಬೇಕಾಗಿತ್ತು' ಎಂಬ ಒಂದು ಮಾತು ಮಾತ್ರ ವಾದಕ್ಕೆ ಬಾಗಿಲನ್ನೇ ತೆರೆಯುವುದಿಲ್ಲ.

ಬಿಲ್ಲಿ ಇದನ್ನೇ ಹೇಳುವಾಗ ನಾನು ಅವನ ಮೇಲೆ ಕೋಪಗೊಳ್ಳಲಾರೆ. ಅವನು ಬದುಕಿ ಉಳಿಯಬೇಕಿದೆ. ನೊಂದವರು ಹಾಗೆ ಹೇಳುವುದಕ್ಕೂ ನೋಯಿಸಿದವರ ಪರ ನಿಂತವರು ಹೇಳುವುದಕ್ಕೂ ವ್ಯತ್ಯಾಸವಿದೆ; ನಮ್ಮ ಶರಾವತಿ ಸೀಮೆಯಲ್ಲಿ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. 1948ರ ಹೊತ್ತಿಗೆ ಹಿರೇಭಾಸ್ಕರ ಅಣೆಕಟ್ಟೆ ಬಂತು. 1964ರಲ್ಲಿ ಲಿಂಗನಮಕ್ಕಿ ಬಂದಾಗ ಆ ಹಳೆಯ ಅಣೆಕಟ್ಟೆಯೇ ಹೊಸ ಹಿನ್ನೀರಿನಲ್ಲಿ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಈಗಲೂ ಮೇಲೇಳುತ್ತದೆ. ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ಮನೆ, ಭೂತನ ಕಲ್ಲು ಎಲ್ಲ ಬಿಟ್ಟು ಬಂದವರ ಮನೆಯ ಹಿರಿಯಜ್ಜಿ "ನಮ್ಮ ಹಣೆಯಲ್ಲಿ ಬರೆದದ್ದು ಅಷ್ಟೇ ಮಗಾ" ಎಂದು ಮೊಮ್ಮಗನಿಗೆ ಹೇಳಿದರೆ, ಅದು ಕಳೆದುಕೊಂಡದ್ದನ್ನು ಹೊತ್ತು ನಡೆಯಲು ಆಕೆ ಕಂಡುಕೊಂಡ ದಾರಿ. ಆ ಮಾತಿನ ಮುಂದೆ ತಲೆಬಾಗುತ್ತೇನೆ. ನಾಡಿಗೆ ವಿದ್ಯುತ್ತು ಬೇಕಿತ್ತು, ಯಾರಾದರೂ ಮುಳುಗಲೇಬೇಕಿತ್ತು ಎಂದು ಮುಳುಗದವರು ಹೇಳುವಾಗ ಅದು ಬೇರೆಯೇ ಮಾತು. ವಿದ್ಯುತ್ತು ಬೇಕಿದ್ದದ್ದು ನಿಜ. ಆದರೆ ಮನೆ ಬಿಟ್ಟು ಬಂದವರಿಗೆ ಎಲ್ಲಿ ಜಾಗ ಕೊಡಬೇಕು, ಆ ಜಾಗದ ಹಕ್ಕುಪತ್ರ ಯಾವಾಗ ಕೊಡಬೇಕು ಎಂಬುದು ಯಾವ ನದಿಯೂ ತೀರ್ಮಾನಿಸಿದ್ದಲ್ಲ. ಅರವತ್ತು ವರ್ಷ ದಾಟಿದರೂ ಹಕ್ಕುಪತ್ರದ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. ಇದನ್ನು ಹಣೆಬರಹದ ಖಾತೆಗೆ ಬರೆಯುವುದು ಅನ್ಯಾಯ.

ಅದೇ ಸಾಗರ ಸೀಮೆಯಲ್ಲಿ ಹಣೆಬರಹದ ಮಾತಿಗೆ ಸೊಪ್ಪು ಹಾಕದ ಚರಿತ್ರೆಯೂ ಇದೆ. ಕಾಗೋಡಿನ ಗೇಣಿದಾರರಿಗೆ ಭತ್ತ ಅಳೆದು ಕೊಡುವುದು ತಲೆತಲಾಂತರದ ಪಾಡಾಗಿತ್ತು. ಗೇಣಿ ಅಳೆಯುವ ಕೊಳಗ ಇರಬೇಕಾದದ್ದಕ್ಕಿಂತ ದೊಡ್ಡದಿದೆ ಎಂಬುದು ಅವರ ತಕರಾರು. ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ 1951ರಲ್ಲಿ ಸತ್ಯಾಗ್ರಹ ನಡೆಯಿತು, ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕೊಳಗ. ಬಡತನ ಪೂರ್ವಜನ್ಮದ ಫಲವೆಂದು ನಂಬಿಕೊಂಡಿರುವ ತನಕ ಮಾಡುವುದಕ್ಕೆ ಏನೂ ಇರುವುದಿಲ್ಲ. ಕೊಳಗವನ್ನು ಒಬ್ಬ ಬಡಗಿ ಮಾಡಿದ್ದಾನೆ, ಒಬ್ಬ ಒಡೆಯ ಮಾಡಿಸಿದ್ದಾನೆ, ಅದರೊಳಗೆ ಎಷ್ಟು ಸೇರು ಹಿಡಿಯುತ್ತದೆ ಎಂದು ಅಳೆದು ನೋಡಬಹುದು.

ಇನ್ನು ಎಡ್ಗರ್ ಡರ್ಬಿಯ ವಿಷಯ. ನಲವತ್ತನಾಲ್ಕು ವರ್ಷದ ಶಾಲಾ ಮೇಷ್ಟ್ರು, ಬಿಲ್ಲಿಯ ಜೊತೆಗೆ ಸೆರೆಯಾಳು. ಡ್ರೆಸ್ಡನ್‌ನ ಅವಶೇಷಗಳಲ್ಲಿ ಸಿಕ್ಕಿದ ಒಂದು ಚಹಾ ಕುಡಿಕೆಯನ್ನು ತೆಗೆದುಕೊಂಡ ತಪ್ಪಿಗೆ ಅವನನ್ನು ಗುಂಡಿಕ್ಕಿ ಕೊಲ್ಲುತ್ತಾರೆ ಎಂದು ಮೊದಲ ಅಧ್ಯಾಯದಲ್ಲಿಯೇ ಲೇಖಕರು ಹೇಳಿಬಿಡುತ್ತಾರೆ. ಆಮೇಲೆ ಅವನು ಬಂದಾಗಲೆಲ್ಲ ಅವನ ಸಾವನ್ನು ನೆನಪಿಸುತ್ತಾರೆ. ಓದುಗರಾದ ನಾವೇ ಟ್ರಾಲ್ಫಮಡೋರಿನವರಾಗಿರುತ್ತೇವೆ. ಅವನ ಕೊನೆ ನಮಗೆ ಮೊದಲೇ ಕಾಣುತ್ತದೆ. ಹೀಗಿರುವಾಗ, ಡ್ರೆಸ್ಡನ್ ಸುಡುವ ಹಿಂದಿನ ರಾತ್ರಿ, ನಾಜಿಗಳ ಕಡೆ ಸೇರಿದ ಕ್ಯಾಂಪ್‌ಬೆಲ್ ಎಂಬ ಅಮೆರಿಕನ್ ಬಂದು ಹಸಿದ ಸೆರೆಯಾಳುಗಳಿಗೆ ಹೊಟ್ಟೆ ತುಂಬ ಊಟದ ಆಸೆ ತೋರಿಸಿ ನಮ್ಮ ಸೈನ್ಯ ಸೇರಿ ಎಂದು ಕರೆಯುತ್ತಾನೆ. ಡರ್ಬಿ ಏಳುತ್ತಾನೆ. ಕಾಲು ತಡಬಡಿಸುತ್ತದೆ, ಆದರೂ ನಿಂತು ಅವನನ್ನು ಹಾವಿಗಿಂತ ಕೀಳು ಎಂದು ಜರೆಯುತ್ತಾನೆ, ಸ್ವಾತಂತ್ರ್ಯ ಮತ್ತು ನ್ಯಾಯದ ಬಗ್ಗೆ ಮಾತನಾಡುತ್ತಾನೆ. ಈ ಕಥೆಯಲ್ಲಿ ಪಾತ್ರಗಳೇ ಇಲ್ಲವೆನ್ನಬಹುದು, ಯುದ್ಧ ಮನುಷ್ಯರನ್ನು ಪಾತ್ರಗಳಾಗಲು ಬಿಡುವುದಿಲ್ಲ, ಆದರೆ ಈಗ ಡರ್ಬಿ ಒಂದು ಪಾತ್ರವಾದ ಎಂದು ನಿರೂಪಕ ಹೇಳುತ್ತಾನೆ.

"ಹೇಗೂ ಸಾಯುತ್ತಾನಲ್ಲ, ಎದ್ದು ನಿಂತರೆಷ್ಟು ಬಿಟ್ಟರೆಷ್ಟು?" ಎಂದು ಕೇಳುವವರಿಗೆ ನಾನು ತಾಳಮದ್ದಳೆಯ ಕರ್ಣನನ್ನು ತೋರಿಸುತ್ತೇನೆ. ಮಳೆಗಾಲದಲ್ಲಿ ತೀರ್ಥಹಳ್ಳಿಯಲ್ಲಾಗಲಿ ಸಾಗರದಲ್ಲಾಗಲಿ ಕೂಟ ಸೇರಿದಾಗ ಯಾರೂ ಕರ್ಣ ಗೆಲ್ಲುತ್ತಾನೋ ಎಂದು ನೋಡಲು ಬಂದಿರುವುದಿಲ್ಲ. ಭಾಗವತರ ಕೈಯಲ್ಲಿರುವ ಪ್ರಸಂಗದ ಪದ್ಯ ಬದಲಾಗದು. ಸಂಧಾನ ಮುರಿದ ಮೇಲೆ ಕೃಷ್ಣ ಕರ್ಣನಿಗೆ ಜನ್ಮರಹಸ್ಯ ಹೇಳುತ್ತಾನೆ, ನೀನು ಹಿರಿಯ ಪಾಂಡವ, ಬಾ, ಸಿಂಹಾಸನ ನಿನ್ನದು ಎನ್ನುತ್ತಾನೆ. ಪಾಂಡವರೇ ಗೆಲ್ಲುತ್ತಾರೆಂದು ಕರ್ಣನಿಗೂ ಗೊತ್ತು. ವ್ಯಾಸಭಾರತದಲ್ಲಿ ಅವನೇ ಅದನ್ನು ಬಾಯಿಬಿಟ್ಟು ಹೇಳುತ್ತಾನೆ. ಆದರೂ ಒಲ್ಲೆನೆನ್ನುತ್ತಾನೆ. ಆ ಒಲ್ಲೆನೆಂಬುದನ್ನು ಇವತ್ತಿನ ಅರ್ಥಧಾರಿ ಹೇಗೆ ಹೇಳುತ್ತಾನೆ ಎಂದು ಕೇಳಲು ಜನ ಕುಳಿತಿರುತ್ತಾರೆ. ಒಬ್ಬನ ಕರ್ಣ ದುರ್ಯೋಧನನ ಋಣಕ್ಕೆ ಒಲ್ಲೆನೆನ್ನುತ್ತಾನೆ. ಇನ್ನೊಬ್ಬನ ಕರ್ಣ ಸಾಕಿದ ರಾಧೆಯ ಮಡಿಲಿಗೆ. ಮತ್ತೊಬ್ಬನ ಕರ್ಣ ಇಷ್ಟು ವರ್ಷ ಎಲ್ಲಿದ್ದೆ ಎಂಬ ಉರಿಗೆ. ಮೂವರೂ ಸಾಯುವುದು ಅದೇ ರಥದ ಚಕ್ರ ಹೂತ ನೆಲದಲ್ಲಿ. ಮೂವರೂ ಒಬ್ಬನೇ ಎಂದು ಮಲೆನಾಡಿನ ಯಾವ ಪ್ರೇಕ್ಷಕನೂ ಹೇಳಲಾರ. ಕೊನೆ ತಿಳಿದಿರುವುದೂ ಆಯ್ಕೆ ಉಳಿದಿರುವುದೂ ಜೊತೆಯಾಗಿರಬಲ್ಲವು ಎಂಬುದನ್ನು ಇಲ್ಲಿನವರು ರಾತ್ರಿಯಿಡೀ ಕೂತು ಕೇಳಿ ಬಲ್ಲರು. ಡರ್ಬಿಯ ಸಾವನ್ನು ಚಹಾ ಕುಡಿಕೆ ನಿರ್ಧರಿಸಿತು. ಡರ್ಬಿ ಯಾರು ಎಂಬುದನ್ನು ಆ ರಾತ್ರಿ ಅವನು ಎದ್ದು ನಿಂತದ್ದು ನಿರ್ಧರಿಸಿತು.

ಕೊನೆಯದಾಗಿ ಲೇಖಕರ ಸ್ವಂತ ದನಿ. ಮೊದಲ ಅಧ್ಯಾಯದಲ್ಲಿ ವೊನೆಗಟ್ ತಾವಾಗಿಯೇ ಮಾತನಾಡುತ್ತಾರೆ. ಹಳೆಯ ಜೊತೆಗಾರನ ಮನೆಗೆ ಹೋದಾಗ ಅವನ ಹೆಂಡತಿ ಮೇರಿ ಓಹೇರ್ ಸಿಟ್ಟಿಗೇಳುತ್ತಾಳೆ: ಆಗ ನೀವಿನ್ನೂ ಎಳೆಯ ಮಕ್ಕಳು, ಆದರೆ ನೀವು ಬರೆಯುವಾಗ ಗಂಡಸರೆಂದು ಬರೆಯುತ್ತೀರಿ, ಸಿನಿಮಾದಲ್ಲಿ ದೊಡ್ಡ ನಟರು ನಿಮ್ಮ ಪಾತ್ರ ಮಾಡುತ್ತಾರೆ, ಯುದ್ಧ ಚೆಂದ ಕಾಣುತ್ತದೆ, ಇನ್ನಷ್ಟು ಯುದ್ಧಗಳಾಗುತ್ತವೆ. ಹಾಗೆ ಬರೆಯುವುದಿಲ್ಲ ಎಂದು ಅವರು ಅವಳಿಗೆ ಮಾತು ಕೊಡುತ್ತಾರೆ, ಪುಸ್ತಕಕ್ಕೆ 'ಮಕ್ಕಳ ಧರ್ಮಯುದ್ಧ' ಎಂಬ ಅರ್ಥದ ಉಪಶೀರ್ಷಿಕೆ ಇಡುತ್ತಾರೆ. ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತಾರೆ. ಭವಿಷ್ಯ ಯಾರ ಕೈಯಲ್ಲಿಯೂ ಇಲ್ಲವೆಂದು ನಂಬಿದವನು ಮಾತು ಕೊಡುವುದಿಲ್ಲ. ಅದೇ ಅಧ್ಯಾಯದಲ್ಲಿ ಉರಿಯುವ ಊರನ್ನು ತಿರುಗಿ ನೋಡಿ ಉಪ್ಪಿನ ಕಂಬವಾದ ಬೈಬಲ್ಲಿನ ಲೋಟನ ಹೆಂಡತಿಯನ್ನು ನೆನೆದು, ತಿರುಗಿ ನೋಡಿದ್ದಕ್ಕಾಗಿಯೇ ಅವಳ ಮೇಲೆ ತಮಗೆ ಪ್ರೀತಿ ಎನ್ನುತ್ತಾರೆ. ಕೆಟ್ಟ ಗಳಿಗೆಗಳನ್ನು ನೋಡಬೇಡ ಎಂಬ ಟ್ರಾಲ್ಫಮಡೋರಿನ ಉಪದೇಶಕ್ಕೆ ಇದು ನೇರ ಎದುರುತ್ತರ, ಉಪದೇಶ ಬರುವ ಮೊದಲೇ ಕೊಟ್ಟದ್ದು.

ತಮ್ಮ ಗಂಡುಮಕ್ಕಳಿಗೆ ತಾವು ಹೇಳಿಟ್ಟಿರುವುದನ್ನೂ ಅಲ್ಲಿಯೇ ಬರೆದಿದ್ದಾರೆ. ಯಾವ ಸಂದರ್ಭದಲ್ಲಿಯೂ ಹತ್ಯಾಕಾಂಡಗಳಲ್ಲಿ ಭಾಗಿಯಾಗಬಾರದು. ಶತ್ರುಗಳ ಹತ್ಯಾಕಾಂಡದ ಸುದ್ದಿ ಕೇಳಿ ಹಿಗ್ಗಬಾರದು. ಹತ್ಯಾಕಾಂಡದ ಯಂತ್ರಗಳನ್ನು ತಯಾರಿಸುವ ಕಂಪನಿಗಳಲ್ಲಿ ಕೆಲಸಕ್ಕೆ ಸೇರಬಾರದು. ಅಂಥ ಯಂತ್ರಗಳು ಬೇಕೆನ್ನುವವರನ್ನು ಕಂಡರೆ ತಿರಸ್ಕಾರ ತೋರಿಸಬೇಕು. ಮೊದಲನೆಯದು ಸೈನಿಕನಿಗೆ, ಮೂರನೆಯದು ಎಂಜಿನಿಯರಿಗೆ ಅಥವಾ ಗುಮಾಸ್ತನಿಗೆ ಹೇಳಿದ್ದು. ಎರಡನೆಯದು ಎಂಥ ಅಧಿಕಾರವೂ ಇಲ್ಲದವನಿಗೂ ಅನ್ವಯಿಸುತ್ತದೆ. ಯುದ್ಧವನ್ನು ನಿಲ್ಲಿಸುವುದು ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ನಿಂತು ಮೊಬೈಲಿನಲ್ಲಿ ಯಾವುದೋ ದೇಶದ ಊರು ಉರಿಯುವ ದೃಶ್ಯ ನೋಡುತ್ತಿರುವ ಹುಡುಗನ ಕೈಯಲ್ಲಿಲ್ಲ. ಅದನ್ನು ನೋಡಿ ಹಿಗ್ಗಬೇಕೋ ಬೇಡವೋ ಎಂಬುದು ಅವನ ಕೈಯಲ್ಲಿದೆ.